ಆಸ್ಪತ್ರೆ ಗೋಡೆಯ ಮೇಲೆ ದೊಡ್ಡಮ್ಮ

ನಾನು ಕೆಲಸ ಕಲಿತದ್ದು ಅರಸೀಕೆರೆಯ ಬಸ್ ನಿಲ್ದಾಣದ ಹತ್ತಿರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ. ಗ್ರಾಫಿಕ್ ಡಿಸೈನರ್ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಮಾಲೀಕರು ಗಿರಾಕಿಗಳಿಗೆ ಪರಿಚಯಿಸುವಾಗ ‘ನಮ್ ಕಂಪ್ಯೂಟರ್ ಹುಡುಗಿ’ ಎನ್ನುತ್ತಿದ್ದರು. ಹಾಸನದಲ್ಲಿ ಆರು ತಿಂಗಳ ಕೋರ್ಸು ಮುಗಿಸಿ, ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಹಾಕಿಸಿಕೊಂಡು ಬಂದಿದ್ದೆ. ಖಾಲಿ ಜಾಗ ಬಿಟ್ಟರೆ ಚಿತ್ರಕ್ಕೆ ಉಸಿರಾಡಲು ಅವಕಾಶ ಸಿಗುತ್ತದೆ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಅಂಗಡಿಯಲ್ಲಿ ಒಂದು ಗೇಣು ಜಾಗ ಖಾಲಿ ಬಿಟ್ಟರೂ ಮಾಲೀಕರು ಅದರ ಮೇಲೆ ಬೆರಳಿಟ್ಟು, “ಇಲ್ಲಿ ಇನ್ನೂ ನಾಲ್ಕು ಫೋಟೋ ಹಿಡೀತವಲ್ಲಮ್ಮಾ” ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ನಾಲ್ಕು ಫೋಟೋ ತುರುಕುತ್ತಿದ್ದೆ.

ನಮ್ಮ ಕಡೆ ಫ್ಲೆಕ್ಸಿನ ಮೇಲೆ ಯಾರದಾದರೂ ಮುಖ ಬಂತೆಂದರೆ ಅದು ಸುದ್ದಿ. ಹುಟ್ಟುಹಬ್ಬ, ಇಲ್ಲವೇ ಚುನಾವಣೆ ಗೆಲುವು, ಇಲ್ಲವೇ ಸಾವು. ಬಸ್ಸಿನ ಕಿಟಕಿಯಿಂದ ನೋಡುವವರು ಅಕ್ಷರ ಓದುವುದಿಲ್ಲ. ಕೇಕ್ ಇದ್ದರೆ ಆಸಾಮಿ ಚೆನ್ನಾಗಿದ್ದಾನೆ, ಹಾರ ಇದ್ದರೆ ಹೋಗಿಬಿಟ್ಟ, ಅಷ್ಟೇ ಲೆಕ್ಕ. ಸುಮ್ಮನೆ ಉದಾಹರಣೆಗೆಂದು ಒಬ್ಬರ ಮುಖವನ್ನು ಗೋಡೆಗೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ದಿನಕ್ಕೆ ಎರಡು ಮೂರು ಶ್ರದ್ಧಾಂಜಲಿ ಮಾಡಿ ಕೊಡುತ್ತಿದ್ದವಳು ನಾನೇ. ಸತ್ತವರ ಕೆನ್ನೆಗೆ ರಂಗು ತುಂಬಿ, ಬಿಳಿಕೂದಲು ಕಪ್ಪು ಮಾಡಿ, ಹಣೆಯ ಸುಕ್ಕು ತಿದ್ದಿ, “ಬದುಕಿದ್ದಾಗಲೂ ಇಷ್ಟು ಚೆನ್ನಾಗಿರಲಿಲ್ಲ” ಎಂದು ಮಕ್ಕಳ ಕೈಲಿ ಹೊಗಳಿಸಿಕೊಂಡಿದ್ದೆ.

ಹೀಗಿರುವಾಗ ಒಂದು ದಿನ ಅಂಗಡಿಗೆ ಒಬ್ಬ ಮೇಡಂ ಬಂದರು. ಆರೋಗ್ಯದ ವಿಷಯದಲ್ಲಿ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯವರು. ಕ್ಷಯರೋಗದ ಬಗ್ಗೆ ತಿಳಿವಳಿಕೆ ಕೊಡುವ ಪೋಸ್ಟರ್ ಬೇಕಿತ್ತು. ಅರಸೀಕೆರೆ, ಬೇಲೂರು, ಹಳೇಬೀಡು, ಗೆಂಡೆಹಳ್ಳಿ, ಈ ಸುತ್ತಿನ ಆಸ್ಪತ್ರೆಗಳಲ್ಲೆಲ್ಲ ಹಾಕುವುದು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿ, ಔಷಧಿ ಪೂರ್ತಿ ತೆಗೆದುಕೊಂಡರೆ ವಾಸಿಯಾಗುತ್ತದೆ, ನಾಚಿಕೆ ಬೇಡ. ಹೇಳಬೇಕಾದದ್ದು ಇಷ್ಟೇ. ಹಾರವಿಲ್ಲದ, ಕೇಕಿಲ್ಲದ, ಕೈಮುಗಿದು ನಿಂತ ಮುಖಂಡರಿಲ್ಲದ ಮೊದಲ ಕೆಲಸ. ನನಗೆ ಒಮ್ಮೆಲೇ ಎರಡು ಕೊಂಬು ಬಂದಂತಾಯಿತು.

ಇಂಟರ್‌ನೆಟ್ಟಿನಿಂದ ಒಂದು ಶ್ವಾಸಕೋಶದ ಚಿತ್ರವನ್ನೂ ಕೆಮ್ಮುತ್ತಿರುವ ಯಾವನೋ ಬಿಳಿಯನನ್ನೂ ತಂದು ಹಾಕಿ ತೋರಿಸಿದೆ. ಮೇಡಂ ಬಹಳ ಹೊತ್ತು ನೋಡಿದರು.

“ಚೆನ್ನಾಗಿದೆ. ಆದ್ರೆ ಇವನನ್ನ ನೋಡಿ ನಮ್ಮ ಹಳ್ಳಿಯೋರು ಇದು ನಮ್ಮ ವಿಷಯ ಅಂದ್ಕೊಳ್ತಾರಾ? ನಮ್ಮ ಕಡೆ ಮುಖ ಬೇಕು. ನೋಡಿದ ತಕ್ಷಣ ನಮ್ಮೋರು ಅನ್ನಿಸ್ಬೇಕು” ಎಂದರು. ಹೊರಡುವಾಗ, “ಫೋಟೋ ಯಾರದ್ದೇ ತೆಗೆದ್ರೂ ವಿಷಯ ಪೂರ್ತಿ ಹೇಳಿ ಒಪ್ಪಿಗೆ ತಗೊಳ್ಳಿ” ಎಂದೂ ಹೇಳಿದರು. ಅದನ್ನು ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡಿರಲಿಲ್ಲ ಎಂದು ಯಾರಿಗಾದರೂ ಹೇಳಿದ್ದರೆ ಅದು ಸುಳ್ಳು.

ನಮ್ಮೂರು ಮಾದಿಹಳ್ಳಿ. ದಿನಾ ಬೆಳಿಗ್ಗೆ ಹಳೇಬೀಡಿಗೆ ಬಂದು ಅಲ್ಲಿಂದ ಬಸ್ಸು ಬದಲಾಯಿಸಿ ಅರಸೀಕೆರೆಗೆ ಹೋಗುತ್ತಿದ್ದೆ. ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿ ಒಬ್ಬ ದೊಡ್ಡಮ್ಮ ಇದ್ದಾರೆ. ರಕ್ತಸಂಬಂಧವಲ್ಲ, ಕರೆಯುವುದು ಹಾಗೆ. ಅವರಿಗೆ ಮೂರು ಹಸು. ಬೆಳಗಿನ ಹಾಲು ಡೈರಿಗೆ ಹಾಕುತ್ತಿದ್ದರು. ಸಂಜೆಯ ಹಾಲು ವರ್ತನೆಗೆ, ಅಂದರೆ ದಿನಾ ತಪ್ಪದೆ ಅವರಿಂದಲೇ ಕೊಳ್ಳುವ ಏಳೆಂಟು ಮನೆಗಳಿಗೆ. ಕೈಯಲ್ಲಿ ಕ್ಯಾನು ಹಿಡಿದು, ಮನೆ ಮನೆಯ ಬಾಗಿಲಲ್ಲಿ ಎರಡು ಮಾತಾಡಿ, ಅಳೆದ ಮೇಲೆ ಇನ್ನೊಂದು ಗುಟುಕು ಹೆಚ್ಚಿಗೆ ಸುರಿದು ಬರುವುದು ಅವರ ಸಂಜೆ. ದೊಡ್ಡಪ್ಪ ಮಾತು ಕಡಿಮೆ ಮನುಷ್ಯ. ದೊಡ್ಡಮ್ಮನ ಮಾತೆಲ್ಲ ಆ ಏಳೆಂಟು ಬಾಗಿಲುಗಳಲ್ಲೇ ಖರ್ಚಾಗುತ್ತಿತ್ತು. ನಾನು ಹುಟ್ಟಿದಾಗಿನಿಂದ ಕುಡಿದದ್ದು ಆ ಹಾಲು.

ಮೂಳೆ ಎದ್ದ ಕೆನ್ನೆ, ಅಗಲ ಹಣೆ, ಬಿಸಿಲಿಗೆ ಬಣ್ಣ ಮಾಗಿದ ಮುಖ. ನನಗೆ ಬೇಕಾದದ್ದು ಮೂರು ಮನೆ ಆಚೆಯೇ ಇತ್ತು. ಭಾನುವಾರ ಹೋಗಿ ಕೇಳಿದೆ.

“ದೊಡ್ಡಮ್ಮ, ಆಸ್ಪತ್ರೆಗೆ ಒಂದು ಪೋಸ್ಟರ್ ಮಾಡ್ತಿದೀನಿ. ನಿಮ್ಮದೊಂದು ಫೋಟೋ ಬೇಕಿತ್ತು.”

“ನಂದಾ? ಈ ಮೋರೆನಾ? ಯಾತುಕ್ಕೆ?”

“ಕೆಮ್ಮಿನ ಬಗ್ಗೆ.”

ಕೆಮ್ಮು ಎಂದೆ. ಕ್ಷಯ ಎನ್ನಲಿಲ್ಲ, ಟಿ.ಬಿ. ಎನ್ನಲಿಲ್ಲ. ಎಂದರೆ ಬೇಡ ಎಂದುಬಿಡುತ್ತಾರೆ ಎಂಬುದು ಗೊತ್ತಿತ್ತು, ಅದಕ್ಕೇ ಎನ್ನಲಿಲ್ಲ. ಮರೆತದ್ದಲ್ಲ, ಹೊಳೆಯದೆ ಹೋದದ್ದೂ ಅಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ.

ದೊಡ್ಡಮ್ಮ ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಮದುವೆ ಮನೆಗೆ ಉಡುವ ಹಸಿರು ರೇಷ್ಮೆ ಸೀರೆ ಉಟ್ಟಿದ್ದರು. ಮುಖ ತೊಳೆದು ದೊಡ್ಡದಾಗಿ ಕುಂಕುಮ ಇಟ್ಟು, ಕನಕಾಂಬರ ಮುಡಿದಿದ್ದರು. ನನಗೆ ಸಿಟ್ಟೇ ಬಂತು. ಬೆಳಕು ಹೋಗುತ್ತಿದೆ, ಇವರು ಸಿಂಗಾರ ಮಾಡಿಕೊಳ್ಳುತ್ತಿದ್ದಾರೆ! “ಅಯ್ಯೋ ದೊಡ್ಡಮ್ಮ, ಇದಲ್ಲ, ದಿನಾ ಉಡೋ ಸೀರೆನೇ ಉಟ್ಕೊಂಡು ಬನ್ನಿ” ಎಂದು ವಾಪಸ್ ಕಳಿಸಿದೆ. ಹೂವನ್ನೂ ತೆಗೆಸಿದೆ. ಜೋಪಾನವಾಗಿ ತೆಗೆದು ಜಗಲಿಯ ಮೇಲಿಟ್ಟರು.

ಕೊಟ್ಟಿಗೆಯ ಗೋಡೆಗೆ ನಿಲ್ಲಿಸಿ, ಸೆರಗನ್ನು ಬಾಯಿಗೆ ಹಿಡಿದು ಕೆಮ್ಮುವಂತೆ ಮಾಡಿ ಎಂದೆ. ಸುಮ್ಮಸುಮ್ಮನೆ ಕೆಮ್ಮುವುದು ಅವರಿಂದಾಗಲಿಲ್ಲ. ಒಂದು ಸಲ ಕೆಮ್ಮಿದರೆ ಎರಡು ಸಲ ನಗುತ್ತಿದ್ದರು. ಕೊಟ್ಟಿಗೆಯಲ್ಲಿ ಹಗ್ಗ ಬಿಗಿಯುತ್ತಿದ್ದ ದೊಡ್ಡಪ್ಪನೂ ಇವರ ಅವತಾರ ನೋಡಿ ಕಿಸಕ್ಕೆಂದರು. ಅದನ್ನು ಕಂಡು ದೊಡ್ಡಮ್ಮನಿಗೆ ನಗು ತಡೆಯಲಾಗದೆ, ಸೆರಗನ್ನು ಬಾಯಿಗೊತ್ತಿಕೊಂಡು, ಕಣ್ಣು ಮುಚ್ಚಿ, ಬಗ್ಗಿಬಿಟ್ಟರು. ಮೊಬೈಲಿನಲ್ಲಿ ಆ ಕ್ಷಣ ಸಿಕ್ಕಿತು. ಬಾಯಿ ಸೆರಗಿನ ಹಿಂದೆ, ಕಣ್ಣು ಮುಚ್ಚಿದೆ, ಹೆಗಲು ಮುದುಡಿದೆ. ನಗುವೋ ಕೆಮ್ಮೋ ನೋಡುವವರಿಗೆ ತಿಳಿಯುವ ಹಾಗಿರಲಿಲ್ಲ. ಇದೇ ಎಂದು ನನ್ನ ಮನಸ್ಸು ಕುಣಿಯಿತು.

ಮರುದಿನ ಅಂಗಡಿಯಲ್ಲಿ ಕೂತು ಆ ಮುಖವನ್ನು ಕೆಡಿಸಿದೆ. ಸತ್ತವರಿಗೆ ಕೆನ್ನೆ ತುಂಬುತ್ತಿದ್ದವಳು ಬದುಕಿರುವವರ ಕೆನ್ನೆ ಬಗೆದೆ. ಕಣ್ಣಿನ ಸುತ್ತ ಕಪ್ಪು ಕಟ್ಟಿಸಿದೆ. ಕುತ್ತಿಗೆಯ ನರ ಎಬ್ಬಿಸಿದೆ. ಮೈಬಣ್ಣದಲ್ಲಿದ್ದ ಕಾವು ತೆಗೆದು ಬೂದು ಬಳಿದೆ. ತಲೆಬರಹ ಕೆಂಪಿನಲ್ಲಿತ್ತು. ಪೋಸ್ಟರಿನಲ್ಲಿ ಕೆಂಪು ಒಂದೇ ಕಡೆ ಇದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ ಎಂದು ಕೋರ್ಸಿನಲ್ಲಿ ಕಲಿತಿದ್ದೆ. ಆದ್ದರಿಂದ ಚಿತ್ರದಲ್ಲಿದ್ದ ಕೆಂಪನ್ನೆಲ್ಲ ತೆಗೆದೆ. ಹಣೆಯ ಕುಂಕುಮವೂ ಅದರೊಡನೆ ಹೋಯಿತು. ಹೋದದ್ದನ್ನು ನಾನು ಗಮನಿಸಲೂ ಇಲ್ಲ.

ಮಾಲೀಕರು ಹಿಂದೆ ಬಂದು ನಿಂತು, “ಅಬ್ಬಾ! ಇನ್ನೆರಡು ದಿನ ಅಷ್ಟೆ ಅನ್ನೋ ಹಂಗದೆ” ಎಂದರು. ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ. ಮೇಡಂ ಕೂಡ ಮೆಚ್ಚಿದರು. “ಅವರಿಗೆ ಎಲ್ಲ ಹೇಳಿದೀರಲ್ವಾ?” ಎಂದು ಕೇಳಿದರು. ಹೂಂ ಎಂದೆ. ಈ ಹೂಂ ನನ್ನ ಎರಡನೆಯ ತಪ್ಪು.

ಪೋಸ್ಟರುಗಳು ಗೋಡೆ ಸೇರಿದವು. ಹಳೇಬೀಡಿನ ಆಸ್ಪತ್ರೆಯಲ್ಲಿ ಚೀಟಿ ಬರೆಸುವ ಜಾಗದ ಎದುರಿಗೇ ಹಾಕಿದ್ದರು. ಬಸ್ಸು ಬದಲಾಯಿಸುವ ನಡುವೆ ಓಡಿಹೋಗಿ ಅದರ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡೆ. ಅಕ್ಷರ ದೂರದಿಂದಲೂ ಕಾಣುತ್ತಿತ್ತು. ಮುಖ ಇನ್ನೂ ದೂರದಿಂದ ಕಾಣುತ್ತಿತ್ತು.

ಆಮೇಲೆ ಒಂದು ಸಂಜೆ ದೊಡ್ಡಮ್ಮ ಕ್ಯಾನು ಹಿಡಿದು ನಮ್ಮ ಮನೆಗೆ ಬಂದಾಗ, “ಇವತ್ತು ಇನ್ನೊಂದ್ ಪಾತ್ರೆ ಕೊಡವ್ವ, ಹಾಲು ಮಿಕ್ಕೈತೆ” ಎಂದು ಅಮ್ಮನಿಗೆ ಹೇಳಿದ್ದು ಕೇಳಿಸಿತು. ಮರುದಿನವೂ ಮಿಕ್ಕಿತು. ಮೂರನೆಯ ದಿನ ಇನ್ನೂ ಹೆಚ್ಚು. ಅಮ್ಮ ಹೆಪ್ಪು ಹಾಕಿದ್ದೇ ಹಾಕಿದ್ದು. ನಮ್ಮ ಮನೆಯಲ್ಲಿ ಮೂರು ಹೊತ್ತೂ ಮಜ್ಜಿಗೆ ಸಾರು. ನೆಂಟರು ಬಂದಿದ್ದಾರೆ ಎಂದು ಒಂದು ಮನೆಯವರು, ಪ್ಯಾಕೆಟ್ ಹಾಲಿನ ರುಚಿ ಮಕ್ಕಳಿಗೆ ಹಿಡಿಸಿದೆ ಎಂದು ಇನ್ನೊಂದು ಮನೆಯವರು, ಸದ್ಯಕ್ಕೆ ಬೇಡ ಎಂದಷ್ಟೇ ಮತ್ತೊಂದು ಮನೆಯವರು. ಯಾರೂ ಕಾರಣ ಬಿಡಿಸಿ ಹೇಳಿರಲಿಲ್ಲ. “ಅಷ್ಟೂ ಮನೇರು ಒಂದೇ ವಾರ ಯಾಕಂಗಾದ್ರು?” ಎಂದು ದೊಡ್ಡಮ್ಮ ನಮ್ಮಮ್ಮನನ್ನು ಕೇಳುತ್ತಿದ್ದರು. ಡೈರಿಯಲ್ಲೂ ಬೆಳಿಗ್ಗೆ ಸಾಲಿನಲ್ಲಿ ಇವರ ಮುಂದೆ ಹಿಂದೆ ಒಂದೊಂದು ಮಾರು ಜಾಗ ಬಿಟ್ಟು ನಿಲ್ಲುತ್ತಿದ್ದರಂತೆ.

ನನಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಊರಿನ ಮೊಬೈಲ್ ಗ್ರೂಪಿನಲ್ಲಿ ಯಾರೋ ಪೋಸ್ಟರಿನ ಫೋಟೋ ತೆಗೆದು ಹಾಕಿದ್ದರು. ಕೆಳಗೆ ಒಬ್ಬರು ‘ಪಾಪ, ಯಾವಾಗಿಂದ?’ ಎಂದು ಬರೆದಿದ್ದರು. ಇನ್ನೊಬ್ಬರು ‘ಮೊನ್ನೆ ಕೂಡ ಹಾಲು ಕೊಟ್ಟು ಹೋದರಲ್ಲ’ ಎಂದು. ಗೋಡೆಯ ಮೇಲೆ ಮುಖ ಬಂದಿದೆ, ಅಂದ ಮೇಲೆ ಅದು ಸುದ್ದಿ. ಕೇಕಿಲ್ಲ, ಹಾರವಿಲ್ಲ, ಕೆಂಪಕ್ಷರದಲ್ಲಿ ಕ್ಷಯ ಎಂದಿದೆ. ಅವರು ಓದಿದ್ದರಲ್ಲಿ ತಪ್ಪೇನಿತ್ತು? ಹಾಗೆ ಓದುವುದನ್ನು ಅವರಿಗೆ ಕಲಿಸಿದ್ದೇ ನಮ್ಮಂಥ ಅಂಗಡಿಗಳು.

ಆಗಲಾದರೂ ಹೋಗಿ ಹೇಳಬೇಕಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಎರಡು ದಿನ ಕಳೆದೆ. ಸಂಜೆ ಹಾಲಿನ ಹೊತ್ತಿಗೆ ಸರಿಯಾಗಿ ಬಚ್ಚಲಿಗೆ ಹೋಗಿ ಕೂರುತ್ತಿದ್ದೆ.

ನಾನು ಹೇಳುವುದಕ್ಕೆ ಮೊದಲೇ ದೊಡ್ಡಮ್ಮ ಹಳೇಬೀಡಿಗೆ ಹೋಗಿಬಂದರು. ಪೋಸ್ಟರು ನೋಡಲೆಂದೇ ಹೋದದ್ದು. “ನನ್ ಫೋಟೋ ಹಾಕವ್ರಂತೆ, ಒಂದ್ ಗಳಿಗೆ ನೋಡ್ಕಂಡ್ ಬತ್ತೀನಿ” ಎಂದು ಅಮ್ಮನಿಗೆ ಹೇಳಿ, ಆವತ್ತು ನಾನು ಬೇಡವೆಂದ ಹಸಿರು ಸೀರೆ ಉಟ್ಟು ಹೋಗಿದ್ದರಂತೆ. ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಕೂಡಿಸಿ ಕೂಡಿಸಿ ಓದಲು ಬರುತ್ತದೆ.

ಸಂಜೆ ನಾನು ಬಸ್ಸಿಳಿದು ಬರುವಾಗ ಅದೇ ಸೀರೆಯಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದರು. ಒಳಗೆ ಬನ್ನಿ ಎಂದೆ. ಬರಲಿಲ್ಲ.

“ಕೆಮ್ಮಿಂದು ಅಂದಿದ್ದೆ ಕಣೇ” ಎಂದರು.

ನಾನು ಹೆಗಲಿನ ಬ್ಯಾಗನ್ನು ಕೆಳಗಿಟ್ಟೆ.

“ನಿಮ್ ದೊಡ್ಡಪ್ಪ ಗಟ್ಟಿಮುಟ್ಟಾಗವ್ರೆ. ನನ್ ಹಣೇಲಿ ಕುಂಕುಮನೂ ಅಳಿಸ್ಬುಟ್ಟಿದೀಯಲ್ಲ, ಅದ್ಯಾಕೆ?”

ಕೆಂಪು ಒಂದೇ ಕಡೆ ಇರಬೇಕೆಂದು ಕಲಿತದ್ದನ್ನು ಆ ಹೆಂಗಸಿನ ಮುಂದೆ ಹೇಗೆ ಹೇಳುವುದು? ಬೈಯಲಿ, ಒಂದೇಟು ಹೊಡೆಯಲಿ ಎಂದು ಕಾದೆ. ಅವರು ಬೈಯಲಿಲ್ಲ. ಎದ್ದು ಸೆರಗು ಕೊಡವಿಕೊಂಡರು. ಎರಡು ಹೆಜ್ಜೆ ಹೋದವರು ತಿರುಗಿ, ನನಗೆ ಗೊತ್ತೇ ಇಲ್ಲವೇನೋ ಎಂಬಂತೆ, “ಆವತ್ತು ನಾನು ನಗ್ತಿದ್ದೆ ಕಣೇ” ಎಂದರು.

ಇಷ್ಟು ವರ್ಷದಲ್ಲಿ ಬೇರೆ ಯಾವ ಮಾತೂ ನನ್ನನ್ನು ಹಾಗೆ ಇರಿದದ್ದಿಲ್ಲ.

ಮರುದಿನ ಕೆಲಸಕ್ಕೆ ಹೋಗದೆ ಆ ಏಳೆಂಟು ಮನೆಗಳ ಬಾಗಿಲಿಗೂ ಹೋದೆ. ಅದು ಬರೀ ಫೋಟೋ, ನಾನೇ ಹಾಗೆ ತಿದ್ದಿದ್ದು, ದೊಡ್ಡಮ್ಮನಿಗೆ ಏನೂ ಇಲ್ಲ ಎಂದು ಗಂಟಲು ಹರಿದುಕೊಂಡೆ. “ಇರ್ಲಿ ಬುಡವ್ವ, ಯಾರ್ ಇಲ್ಲ ಅಂದ್ರೀಗ” ಎಂದು ಆ ಮನೆಗಳವರು ಒಳಗೆ ಹೋದರು. ನಂಬಿದರೋ ಬಿಟ್ಟರೋ ತಿಳಿಯಲಿಲ್ಲ. ದೊಡ್ಡಮ್ಮ ಯಾರ ಮಾತಿಗೂ ಕಾಯದೆ ತಾವೇ ಹೋಗಿ ಕಫ ಪರೀಕ್ಷೆಗೆ ಕೊಟ್ಟರು. ಏನೂ ಇಲ್ಲ ಎಂಬ ಚೀಟಿ ಬಂತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು, ಹಾಲು ಅಳೆಯುವ ಮೊದಲು ಬಾಗಿಲು ಬಾಗಿಲಲ್ಲಿ ತೆಗೆದು ತೋರಿಸುತ್ತಿದ್ದರು. ಎರಡು ಮಾತಾಡುತ್ತಿದ್ದ ಜಾಗದಲ್ಲಿ ಈಗ ಚೀಟಿ ತೋರಿಸುವುದು.

ಪೋಸ್ಟರು ತೆಗೆಸಿ ಎಂದು ಹಳೇಬೀಡಿನ ಆಸ್ಪತ್ರೆಗೆ ಹೋದಾಗ ಅಲ್ಲಿದ್ದ ನರ್ಸಮ್ಮನಿಗೂ ಅದೇ ರಾಗ ಹಾಡಿದೆ: ಅವರಿಗೆ ಕಾಯಿಲೆ ಇಲ್ಲ, ಅನ್ಯಾಯವಾಗಿ ಹೆಸರು ಕೆಟ್ಟಿತು ಎಂದು. ಆಕೆ ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

“ಇಲ್ಲ ಇಲ್ಲ ಅಂತ ಊರೆಲ್ಲ ಸಾರ್ಕೊಂಡು ಬರ್ತಿದೀರ. ಇದ್ದಿದ್ರೆ? ಹಾಲು ಬೇಡ ಅಂದಿದ್ದು ಸರಿ ಅಂತಿದ್ರಾ?”

ನಾಚಿಕೆ ಬೇಡ ಎಂದು ಆ ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ಬರೆದವಳು ನಾನು. ಗೋಡೆಯಿಂದ ದೊಡ್ಡಮ್ಮನನ್ನು ನಾನೇ ಕೈಯಾರೆ ಕಿತ್ತು ಸುರುಳಿ ಸುತ್ತಿಕೊಂಡು ಬಂದೆ.

ಮೇಡಂಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಎಲ್ಲ ಕಡೆಯ ಪೋಸ್ಟರುಗಳನ್ನೂ ತೆಗೆಸಿದರು, ಬಂದು ದೊಡ್ಡಮ್ಮನ ಕೈ ಹಿಡಿದು ತಪ್ಪಾಯಿತು ಎಂದೂ ಹೇಳಿದರು. ನನಗೆ ಮಾತ್ರ, “ನಿಮ್ಮನ್ನ ಕೇಳಿದ್ದೆನಲ್ಲ” ಎಂದಷ್ಟೇ ಅಂದರು. ಹೊಸದನ್ನೂ ನೀವೇ ಮಾಡಿ ಎಂದರು.

ಹೊಸದಕ್ಕೆ ಯಾರ ಮುಖ ಎನ್ನುವುದರ ಬಗ್ಗೆ ನನಗೆ ಆಗ ಅನುಮಾನವೇ ಇರಲಿಲ್ಲ. ನನ್ನದೇ. ನ್ಯಾಯವೆಂದರೆ ಅದೇ. ಕ್ಷಯಕ್ಕೆ ನಾಚಬೇಕಿಲ್ಲ ಎಂದು ನಾನೇ ತೋರಿಸಿದರೆ ನರ್ಸಮ್ಮನ ಪ್ರಶ್ನೆಗೆ ಉತ್ತರವೂ ಅದೇ. ದುಪಟ್ಟಾ ಬಾಯಿಗೆ ಹಿಡಿದು ಅಂಗಡಿಯ ಗೋಡೆಗೆ ನಿಂತು ಫೋಟೋ ತೆಗೆಸಿಕೊಂಡೆ. ಕೂತು ನನ್ನ ಕೆನ್ನೆ ಬಗೆಯಲು ಶುರು ಮಾಡಿದೆ. ಒಂದು ಕೆನ್ನೆ ಮುಗಿಯಿತು. ಕಣ್ಣಿನ ಕೆಳಗಿನ ಕಪ್ಪು ಅರ್ಧ ಆಯಿತು. ಅಲ್ಲಿಗೆ ನಿಲ್ಲಿಸಿ, ನಾಳೆ ಮಾಡಿದರಾಯಿತು ಎಂದು ಮನೆಗೆ ಬಂದೆ.

ಊಟ ಮಾಡುವಾಗ ಅಮ್ಮನಿಗೆ ಹೇಳಿದೆ. ಅಮ್ಮ ಬಡಿಸುತ್ತಿದ್ದ ಸೌಟು ಹಾಗೇ ಹಿಡಿದುಕೊಂಡು, “ನಿಂಗೇನ್ ತಲೆ ಕೆಟ್ಟೈತಾ? ನಾಳೆ ನಿನ್ನ ನೋಡೋಕೆ ಬರೋರು ಆಸ್ಪತ್ರೆ ಗೋಡೆ ಮೇಲೆ ನೋಡ್ಕಂಡ್ ಹೋಗ್ಲಿ ಅಂತಾ?” ಎಂದಳು.

ಇದನ್ನು ಅಮ್ಮನ ತಲೆಗೆ ಕಟ್ಟಿಬಿಡುವುದು ಸುಲಭ. ಬಹಳ ದಿನ ಹಾಗೇ ಕಟ್ಟಿಕೊಂಡು ತಿರುಗಿದ್ದೇನೆ. ಆದರೆ ನಿಜವೇನೆಂದರೆ, ಅರಸೀಕೆರೆಯಿಂದ ಬರುವ ಬಸ್ಸಿನಲ್ಲೇ ನಾನು ಹಿಂದೆ ಸರಿದಿದ್ದೆ. ಪಕ್ಕದ ಸೀಟಿನವರು ನನ್ನ ಮುಖ ನೋಡಿ ಸರಿದು ಕೂರುವುದನ್ನು, ಊರಿನ ಗ್ರೂಪಿನಲ್ಲಿ ‘ಪಾಪ, ಯಾವಾಗಿಂದ?’ ಎಂದು ನನ್ನ ಬಗ್ಗೆ ಬರೆಯುವುದನ್ನು ನೆನೆಸಿಕೊಂಡೇ ಬಂದಿದ್ದೆ. ಅಮ್ಮ ಬೇಡ ಎನ್ನಲಿ ಎಂದೇ ಅಮ್ಮನಿಗೆ ಹೇಳಿದ್ದು. ಅವಳು ಬೇಡ ಎಂದಾಗ ವಾದ ಮಾಡಲಿಲ್ಲ. ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡು ಉಂಡೆ.

ಮಾರನೆಯ ದಿನ ನನ್ನ ಮುಖವನ್ನು ತೆಗೆದು ಒಂದು ಗೆರೆಚಿತ್ರ ಬರೆದೆ. ಮುಖವಿಲ್ಲದ ಒಂದು ತಲೆ, ಬಾಯಿಗೆ ಹಿಡಿದ ಬಟ್ಟೆ, ಪಕ್ಕದಲ್ಲಿ ಕಫ ಪರೀಕ್ಷೆಯ ಡಬ್ಬಿ. ಮೇಡಂ, “ಮೊದಲಿನಷ್ಟು ನಾಟಲ್ಲ, ಆದ್ರೆ ಯಾರಿಗೂ ತೊಂದ್ರೆ ಇಲ್ಲ” ಎಂದು ಒಪ್ಪಿದರು. ಅದೇ ಈಗ ಗೋಡೆಗಳ ಮೇಲಿದೆ.

ವರ್ತನೆಯ ಮನೆಗಳು ಒಂದೊಂದಾಗಿ ದೊಡ್ಡಮ್ಮನ ಕಡೆ ತಿರುಗಿದವು. ಎರಡು ಮನೆಯವರು ತಿರುಗಲಿಲ್ಲ. ಆ ಎರಡು ಬಾಗಿಲ ಮುಂದೆ ದೊಡ್ಡಮ್ಮ ಈಗಲೂ ಸ್ವಲ್ಪ ಬಿರುಸಾಗಿ ನಡೆಯುತ್ತಾರೆ. ಚೀಟಿ ಮಡಿಕೆಯ ಜಾಗದಲ್ಲಿ ಹರಿದುಹೋಗಿದ್ದರೂ ಎಲೆಅಡಿಕೆ ಚೀಲದಲ್ಲಿ ಇನ್ನೂ ಇದೆ.

ಮೊನ್ನೆ ಅವರು ದೊಡ್ಡಪ್ಪನ ಮಂಡಿನೋವಿಗೆಂದು ಹಳೇಬೀಡಿನ ಆಸ್ಪತ್ರೆಗೆ ಹೋಗಿದ್ದರು. ಸಂಜೆ ಹಾಲು ಅಳೆಯುತ್ತಾ ನನ್ನನ್ನು ಕೂಗಿದರು. ಈಗೀಗ ನಾನು ಬಚ್ಚಲಿಗೆ ಹೋಗಿ ಕೂರುವುದಿಲ್ಲ. ಹೋಗಿ ಪಾತ್ರೆ ಹಿಡಿದೆ.

“ಹೊಸ ಪೋಸ್ಟ್ರು ನೋಡ್ದೆ ಕಣೇ. ಈ ಸತಿ ಯಾರ್ ಮೋರೇನೂ ಹಾಕಿಲ್ವಲ್ಲ?”

“ಇಲ್ಲ ದೊಡ್ಡಮ್ಮ.”

“ಒಳ್ಳೇ ಕೆಲ್ಸ ಮಾಡ್ದೆ ಬುಡು. ನಂಗಾಗಿದ್ದು ಇನ್ನೊಬ್ರಿಗೆ ಆಗ್ಬಾರ್ದು ಅಂತ ನಿನ್ ಮನಸ್ಸಿಗೆ ಬಂತಲ್ಲ, ಅದೇ ದೊಡ್ದು” ಎಂದು, ಅಳೆದ ಮೇಲೆ ಇನ್ನೊಂದು ಗುಟುಕು ಹೆಚ್ಚಿಗೆ ಸುರಿದರು.

ಇನ್ನೊಬ್ಬರಿಗೆ ಎಂದರೆ ಯಾರಿಗೆ ಎಂದು ನಾನು ಹೇಳಲಿಲ್ಲ. ಹಾಲು ಒಳಗಿಟ್ಟೆ. ಒಂದು ಕೆನ್ನೆ ಬಗೆದಿದ್ದ ನನ್ನ ಫೋಟೋವನ್ನು ಗೆರೆಚಿತ್ರ ಬರೆದ ದಿನವೇ ಅಂಗಡಿಯ ಕಂಪ್ಯೂಟರಿನಿಂದ ಅಳಿಸಿದ್ದೆ. ಮುಗಿದ ಕೆಲಸದ ಫೈಲುಗಳನ್ನು ಮಾತ್ರ ನಮ್ಮ ಮಾಲೀಕರು ಅಳಿಸಲು ಬಿಡುವುದಿಲ್ಲ. ದೊಡ್ಡಮ್ಮನದು ಇನ್ನೂ ಅಲ್ಲೇ ಇದೆ.